ಪ್ರಸಾದವೂ ಅಟ್ಟದ ಮೇಲಿನ ಡಬ್ಬವೂ

ದೇವರ ಪ್ರಸಾದವನ್ನು ಕೈಯೊಡ್ಡಿ ತೆಗೆದುಕೊಂಡು ಆಮೇಲೆ ಹಿತ್ತಲಲ್ಲಿ ಚೆಲ್ಲಿದ್ದುಂಟೇ ನೀವು? ನಾನು ಚೆಲ್ಲಿದ್ದೇನೆ.

2018ರ ಡಿಸೆಂಬರ್ 14, ಶುಕ್ರವಾರ. ಹನೂರು ಕಡೆಯ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ಗೋಪುರ ಕಟ್ಟುವ ಪೂಜೆ ಮುಗಿಸಿ ಟೊಮೆಟೊ ಬಾತು ಹಂಚಿದರು. ಅದರಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಬೆರೆತಿತ್ತು. 17 ಜನ ಸತ್ತರು, ನೂರಕ್ಕೂ ಹೆಚ್ಚು ಜನ ಕೊಳ್ಳೇಗಾಲ, ಮೈಸೂರಿನ ಆಸ್ಪತ್ರೆಗಳನ್ನು ಸೇರಿದರು. ಗುಡಿಯ ಆಡಳಿತದ ಜಗಳಕ್ಕೆ ಬೇಕೆಂದೇ ಬೆರೆಸಿದ್ದು ಎಂದರು ಪೊಲೀಸರು.

ಆಮೇಲೆ ಟಿ.ವಿ.ಯಲ್ಲಿ ದಿನಗಟ್ಟಲೆ ಅದೇ ಬಾತು, ಅದೇ ಗುಡಿ. ಅಡುಗೆಮನೆಗೆ ಕ್ಯಾಮೆರಾ ಹಾಕಿ, ಹೊರಗಿನವರನ್ನು ಬಿಡಬೇಡಿ ಎಂದು ಮುಜರಾಯಿ ಇಲಾಖೆ ಗುಡಿಗಳಿಗೆ ತಿಳಿಸಿತು. ಒಳ್ಳೆಯದೇ, ಬೇಡವೆನ್ನುವುದಿಲ್ಲ. ಆದರೆ ನಮ್ಮ ಭಯವೆಲ್ಲ ಹೋಗಿ ಪ್ರಸಾದಕ್ಕೇ ಅಂಟಿಕೊಂಡಿತು.

ಯಳಂದೂರಿನ ನಮ್ಮ ಪಕ್ಕದ ಮನೆಯ ಅಜ್ಜಿ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ ಬಂದು, ಎಲೆಯಲ್ಲಿ ಪುಳಿಯೋಗರೆ ತಂದುಕೊಟ್ಟರು. "ತಿನ್ನು ಕಣವ್ವ, ನಾನೂ ತಿಂದಿವ್ನಿ" ಅಂದರು. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಗಿರಬೇಕು. ಹಿತ್ತಲಲ್ಲಿ ಚೆಲ್ಲಿ ತಿರುಗಿದರೆ, ಬೇಲಿಯಾಚೆ ಅವರೇ ನಿಂತಿದ್ದರು.

ಅದೇ ವಾರ ಅಟ್ಟ ಗುಡಿಸುತ್ತಿದ್ದೆ. ನಮ್ಮತ್ತೆಯವರು ಹರಳೆಣ್ಣೆ ತುಂಬಿಡುತ್ತಿದ್ದ ಡಬ್ಬ ಕೈಗೆ ಬಂತು. ವರ್ಷಗಳಿಂದ ಕಂಡದ್ದೇ, ಅವತ್ತು ಮಾತ್ರ ತಿರುಗಿಸಿ ಓದಿದೆ. ಹೊಲಕ್ಕೆ ಹೊಡೆದು ಖಾಲಿಯಾದ ಮೊನೊಕ್ರೊಟೊಫಾಸ್ ಡಬ್ಬ! "ಔಷಧಿ ಡಬ್ಬ ಕಣೇ, ಬೂದಿ ಹಾಕಿ ತೊಳ್ದಿವ್ನಿ" ಅಂದರು ಅತ್ತೆ. ವಿಷವನ್ನು ಔಷಧಿ ಎಂದು ಕರೆದೂ ಕರೆದೂ ಅದರ ಮೇಲಿನ ಹೆದರಿಕೆಯೇ ಹೋಗಿದೆ, ನೋಡಿ. 2013ರ ಜುಲೈನಲ್ಲಿ ಬಿಹಾರದ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರಲ್ಲ, ಅಲ್ಲಿ ಅಡುಗೆ ಎಣ್ಣೆಯಲ್ಲಿ ಇದ್ದದ್ದೂ ಇದೇ ವಿಷ. ಆಗ ಎಲ್ಲರೂ ಮಾತಾಡಿದ್ದು ಬಿಸಿಯೂಟದ ಬಗ್ಗೆ. ಎಣ್ಣೆ ಡಬ್ಬ ತಿರುಗಿಸಿ ನೋಡಿ ಎಂದು ನನಗಂತೂ ಯಾರೂ ಹೇಳಲಿಲ್ಲ.

ಡಬ್ಬವನ್ನು ಚುಚ್ಚಿ, ಮನೆಯಿಂದ ದೂರ ಹೂಳಿಸಿದೆ. ಅತ್ತೆ ಎರಡು ದಿನ ಮಾತು ಬಿಟ್ಟರು, ಮೂರನೆಯ ದಿನ ಸರಿಹೋದರು. ಪಕ್ಕದ ಮನೆಯ ಅಜ್ಜಿ ಮಾತ್ರ ಈಗಲೂ ಬೆಟ್ಟಕ್ಕೆ ಹೋಗಿಬಂದರೆ ನಮ್ಮ ಬಾಗಿಲು ದಾಟಿ ಮುಂದಿನ ಮನೆಗೆ ಹೋಗುತ್ತಾರೆ.