ಚೌಕ, ಬಾರ ಮತ್ತು ನಮ್ಮಜ್ಜಿ

ಚೌಕಾಬಾರಕ್ಕೆ ಕೂತರೆ ನಮ್ಮಜ್ಜಿಗೆ ಮೊಮ್ಮಕ್ಕಳೇ ಇರುತ್ತಿರಲಿಲ್ಲ, ಎದುರಾಳಿಗಳಷ್ಟೇ. ಮನೆಮಂದಿಗೆಲ್ಲ ಬಡಿಸಿ, ತಳದಲ್ಲಿ ಉಳಿದ ಸಾರಿಗೆ ಒಂದು ಹಿಡಿ ಅನ್ನ ಕಲಸಿಕೊಂಡು ಉಂಡು, ಸೆರಗಿಗೆ ಕೈ ಒರೆಸುತ್ತಾ ನಡುಮನೆಗೆ ಬಂದಳೆಂದರೆ ಅವಳು ಬೇರೆಯೇ ಹೆಂಗಸು. ಹಣ್ಣಾಗಲು ಎರಡೇ ಮನೆ ಉಳಿದಿದ್ದ ಪುಟ್ಟ ಮಗುವಿನ ಕಾಯನ್ನೂ ಬಿಡದೆ ಕಡಿಯುತ್ತಿದ್ದಳು. ಅದು ಗೋಳೋ ಎಂದರೆ, "ಕರುಣೆ ಬೇಕಾದ್ರೆ ಅಡುಗೆಮನೆಗೆ ಬಾ, ಕೊಬ್ಬರಿ ಬೆಲ್ಲ ಕೊಡ್ತೀನಿ. ಇಲ್ಲಿ ಕೇಳ್ಬೇಡ" ಎನ್ನುತ್ತಿದ್ದಳು.

ಕೆಂಪು ಗಾರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎಳೆದ 25 ಮನೆ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಇಷ್ಟೇ ಬಂಡವಾಳ. ನಮಗೆ ಹುಣಸೆಬೀಜ, ಅವರೆಕಾಳು, ಕಾಫಿಬೀಜ ಯಾವುದಾದರೂ ಆದೀತು. ತಾತ ಹೋದ ಮೇಲೆ ಅಜ್ಜಿಯ ಕೈಯಲ್ಲಿ ಗಾಜಿನ ಬಳೆ ಇರಲಿಲ್ಲ. ಕಾಯಿ ಮಾತ್ರ ಅವಳಿಗೆ ಕೆಂಪು ಬಳೆಚೂರೇ ಆಗಬೇಕು. ಹೊರಸುತ್ತನ್ನು ಅಪ್ರದಕ್ಷಿಣೆ ಬಂದು, ಒಳಸುತ್ತಿನ ಎಂಟು ಮನೆಗಳನ್ನು ಪ್ರದಕ್ಷಿಣೆ ಹಾಕಿ ನಡುಮನೆ ಸೇರಿದರೆ ಕಾಯಿ ಹಣ್ಣಾಯಿತು. ಎಣಿಸಿದರೆ 24 ಹೆಜ್ಜೆ. ಆ ದಾರಿಯಲ್ಲಿ ತಂಗಲು ಇರುವುದು ಕಟ್ಟೆಗಳು ಮಾತ್ರ. ಕಟ್ಟೆ ಬಿಟ್ಟು ಹೊರಗೆ ಕಾಲಿಟ್ಟ ಕಾಯಿ ಅಜ್ಜಿಯ ಕಣ್ಣಿಗೆ ಬಿತ್ತೆಂದೇ ಲೆಕ್ಕ.

ಅವಳು ಕವಡೆ ಬಿಡುವುದನ್ನು ನೋಡಬೇಕಿತ್ತು. ನಾವೆಲ್ಲ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದ ಹಾಗೆ ಗಲಗಲ ಮಾಡಿ ಎಸೆಯುತ್ತಿದ್ದೆವು. ಅಜ್ಜಿ ಸದ್ದು ಮಾಡುತ್ತಿರಲಿಲ್ಲ. ನಾಲ್ಕನ್ನೂ ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಒಂದೊಂದನ್ನೇ ಸವರಿ, ಬೆರಳ ತುದಿಗೆ ಜಾರಿಸಿ, ನೆಲಕ್ಕೆ ಗೇಣುದ್ದ ಮೇಲಿಂದ ಬಿಡುವಳು. ಒಂದು ಕವಡೆಯ ಬಾಯಂಚು ಮುಕ್ಕಾಗಿತ್ತು. ಅದು ಸದಾ ಎಲ್ಲಕ್ಕಿಂತ ಕೊನೆಗೆ ನಿಲ್ಲುತ್ತಿತ್ತು, ಅದು ನಿಲ್ಲುವವರೆಗೂ ಅವಳು ಗರ ಎಣಿಸುತ್ತಿರಲಿಲ್ಲ. ನಾಲ್ಕೂ ಬಾಯಿ ಮೇಲಾದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಎರಡಕ್ಕೂ ಇನ್ನೊಂದು ಆಟ ಸಿಗುತ್ತದೆ. ಕವಡೆ ಎರಡೂ ಮಗ್ಗುಲಿಗೆ ಸಮನಾಗಿ ಬೀಳುತ್ತದೆಂದು ಇಟ್ಟುಕೊಂಡರೆ, ನಾಲ್ಕು ಕವಡೆ ಬೀಳುವ 16 ಬಗೆಗಳಲ್ಲಿ ಆರು ಬಗೆಗೆ ಎರಡೇ ಗರ. ಚೌಕಕ್ಕೊಂದು, ಬಾರಕ್ಕೊಂದು ಮಾತ್ರ. ಅಜ್ಜಿಗೆ ಈ ಲೆಕ್ಕವನ್ನು ಯಾವ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ. ಆದರೂ ಬೇರೆ ದಾರಿಯಿದ್ದರೆ ಎದುರಾಳಿಯ ಕಾಯಿಗಿಂತ ಎರಡು ಮನೆ ಮುಂದೆ ಅವಳು ತನ್ನ ಕಾಯನ್ನು ನಿಲ್ಲಿಸಿದವಳಲ್ಲ.

ಅವಳು ಮನುಷ್ಯರನ್ನು ಅಳೆಯುತ್ತಿದ್ದುದೂ ಇದೇ ಮಣೆಯ ಮೇಲೆ. ತಾತನ ಬಗ್ಗೆ ನಾವು ಎಷ್ಟು ಕೆದಕಿದರೂ ಅವಳ ಬಾಯಿಂದ ಬಂದದ್ದು, "ಒಂದೇ ಕಾಯಿ ಓಡಿಸೋರು. ಮಿಕ್ಕ ಮೂರು ಮನೇಲೇ ಕೊಳೀತಿದ್ವು" ಎಂಬಷ್ಟೇ. ಯಾವುದಾದರೂ ಮಗನಿಗೆ ಜಮೀನೆಲ್ಲ ಬರೆದಿಟ್ಟರೇನೋ ಎಂದು ನಾವು ಅರ್ಥ ಹುಡುಕುತ್ತಿದ್ದೆವು. ಅವಳು ಹೇಳಿದ್ದು ಬರೀ ಕಾಯಿಯ ವಿಷಯವೂ ಇರಬಹುದು. ಓರಗಿತ್ತಿಯೊಬ್ಬಳು ಗಟ್ಟಿ ಕಟ್ಟುವುದರಲ್ಲಿ ಪ್ರಚಂಡೆಯಂತೆ. ಎರಡು ಕಾಯಿ ಜೋಡಿಸಿಕೊಂಡು ಹೊರಟರೆ ಯಾರೂ ಮುಟ್ಟುವಂತಿಲ್ಲ, ಆದರೆ ಜೋಡಿ ನಡೆಸುವಂಥ ಗರ ಬೀಳದೆ ಕೂತಲ್ಲೇ ಕೂತಿರುತ್ತಿದ್ದಳಂತೆ. ಹದಿಮೂರಕ್ಕೆ ಮದುವೆಯಾಗಿ ಬಂದ ಅಜ್ಜಿ ಆ ಮನೆಯಲ್ಲಿ ಮೊದಲು ಬಾಯಿಬಿಟ್ಟು ನಕ್ಕದ್ದು ಅವಳ ಗಟ್ಟಿ ಒಡೆದ ದಿನವಂತೆ. ಅತ್ತೆ ಎದುರಿಗಿದ್ದರೂ ನಕ್ಕಳಂತೆ.

ಮನೆಯಲ್ಲಿ ಪಗಡೆ ಕವಡೆ ಆಡಿದರೆ ಜಗಳ ಹತ್ತುತ್ತದೆ ಎನ್ನುವ ಹಿರಿಯರು ಆಗ ಇದ್ದರು. ಧರ್ಮರಾಯನ ಕಥೆ ಅವರ ಕೈಯಲ್ಲಿ ಸದಾ ಸಿದ್ಧ. ಅಜ್ಜಿಗೆ ಅದು ನಾಟುತ್ತಿರಲಿಲ್ಲ. "ಅವನಿಗೆ ಆಡೋಕೆ ಬರ್ತಿರ್ಲಿಲ್ಲ, ಆಟಕ್ಕೆ ಯಾಕೆ ಬಯ್ತೀರ?" ಒಂದು ದಸರೆಯಲ್ಲಿ ಅವಳನ್ನು ಮೈಸೂರಿನ ಜಗನ್ಮೋಹನ ಅರಮನೆಗೆ ಕರೆದುಕೊಂಡು ಹೋಗಿದ್ದೆವು. ರವಿವರ್ಮನ ಚಿತ್ರಗಳನ್ನು ಅವಳು ನಡೆಯುತ್ತಲೇ ನೋಡಿ ಮುಗಿಸಿದಳು. ನಿಂತದ್ದು ಮಾತ್ರ ಮೇಲಿನ ರಂಗಮಹಲಿನಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಆಟದ ಮಣೆಗಳನ್ನು ಬರೆದಿರುವ ಗೋಡೆಯ ಮುಂದೆ. ಬೆರಳಲ್ಲಿ ಗಾಳಿಯಲ್ಲೇ ಮನೆ ಎಣಿಸುತ್ತಾ, "ಪಾಪ, ದೊರೆಗೆ ಬೇರೆ ಕೆಲಸ ಇರ್ಲಿಲ್ವೇನೋ" ಎಂದಳು. ನಾವು ನಕ್ಕೆವು. 1831ರಲ್ಲಿ ಬ್ರಿಟಿಷರು ಅವರ ಕೈಯಿಂದ ಆಡಳಿತ ಕಿತ್ತುಕೊಂಡಿದ್ದರು, 1868ರಲ್ಲಿ ತೀರಿಕೊಳ್ಳುವವರೆಗೂ ಅದು ಅವರಿಗೆ ಮರಳಿ ಸಿಗಲಿಲ್ಲ ಎಂದು ನಾನು ಓದಿದ್ದು ಎಷ್ಟೋ ಆಮೇಲೆ.

ಈಗಿನ ಹುಡುಗರು ಮೊಬೈಲಿನಲ್ಲಿ ಲೂಡೋ ಆಡುತ್ತಾರೆ. ಆಡಲಿ. ನನಗೆ ಅದರ ಮೇಲೆ ಸಿಟ್ಟಿಲ್ಲ, ಆದರೆ ಅದರಲ್ಲಿ ತಕರಾರು ತೆಗೆಯಲು ಜಾಗವಿಲ್ಲ. ಒಂದು ಕವಡೆ ಗೋಡೆಗೆ ಒರಗಿ ನಿಂತರೆ ಅದು ಬಾಯಿಯೋ ಬೆನ್ನೋ ಎಂದು ಗಂಟೆಗಟ್ಟಲೆ ವಾದಿಸದ ಮೇಲೆ ಅದೆಂಥ ಆಟ?

ನಮ್ಮಲ್ಲಿ ಶಿವರಾತ್ರಿ ಜಾಗರಣೆಗೆ ಚೌಕಾಬಾರ ಈಗಲೂ ಉಂಟು. ಅಜ್ಜಿ ಹೋದ ಮರುವರ್ಷ ನಾವೆಲ್ಲ ಅವಳ ಮನೆಯಲ್ಲೇ ಸೇರಿದ್ದೆವು. ನಡುರಾತ್ರಿ ಮಾವ ಯಾರ ಕಾಯನ್ನೂ ಕಡಿಯದೆ ಒಳಸುತ್ತಿಗೆ ನುಗ್ಗಿದರು. ನಾನು ತಡೆದೆ: ಒಂದಾದರೂ ಕಡಿಯದವರಿಗೆ ಒಳಮನೆಯಿಲ್ಲ, ಅಜ್ಜಿಯೇ ಹೇಳಿದ್ದಾಳೆ, ತನ್ನ ತವರಿನಲ್ಲಿ ಹಾಗೇ ಅಂತ. ಮಾವ ಒಪ್ಪಲಿಲ್ಲ. "ನನ್ನ ಹತ್ರ ಅಮ್ಮ ಹೇಳಿದ್ದು ಕಡೀಬೇಕಾಗಿಲ್ಲ ಅಂತ. ಈ ಮನೆ ಪದ್ಧತಿ ಇದು ಅಂತ." ದೊಡ್ಡಮ್ಮನನ್ನು ಕೇಳಿದರೆ ಅವರಿಗೆ ಎರಡನ್ನೂ ಹೇಳಿದ್ದಳು, ಬೇರೆ ಬೇರೆ ದಿನ. ಹಳೆಯ ಆಟಗಳನ್ನೆಲ್ಲ ಕೆದಕಿ ನೋಡಿದೆವು. ಅಜ್ಜಿ ಕಡಿದು ಮುಂದಿದ್ದ ದಿನ ತವರಿನ ಕಾನೂನು ಜಾರಿಯಲ್ಲಿತ್ತು. ಕಡಿಯಲಾಗದ ದಿನ ಅತ್ತೆಮನೆಯದು.

ನಾವು ಹೀಗೆ ವಾದಿಸುತ್ತಿರುವಾಗ ಚಿಕ್ಕಮ್ಮ ಮೆಲ್ಲಗೆ ತನ್ನ ಕಾಯನ್ನು ಒಳಸುತ್ತಿಗೆ ತಳ್ಳಿದಳು. ಅವಳೂ ಒಂದನ್ನೂ ಕಡಿದಿರಲಿಲ್ಲ. ಎಲ್ಲರೂ ಒಟ್ಟಿಗೆ ಮೈಮೇಲೆ ಬಿದ್ದೆವು.

"ನಮ್ಮ ತವರಲ್ಲಿ ಹೀಗೇ" ಎಂದಳು. ಅವಳ ತವರೆಂದರೆ ನಾವು ಕೂತಿದ್ದ ಅದೇ ಮನೆ.