ಬ್ಯಾಕೋಡಿನ ದಾರಿಯಲ್ಲಿ ಕೇಳಿದ್ದು

ಸಾಗರದಿಂದ ಬ್ಯಾಕೋಡಿಗೆ ದಿನಾ ಕೆಲಸಕ್ಕೆ ಹೋಗಿ ಬರ್ತೀನಿ ಅಂದರೆ ಎಲ್ಲರೂ ಕೇಳೋದು ಒಂದೇ ಪ್ರಶ್ನೆ: "ಅಷ್ಟು ದೂರ ಕಾರಲ್ಲಿ ಕೂತು ಬೇಜಾರಾಗಲ್ವಾ?" ಇಲ್ಲ ಅಂತೀನಿ. ಯಾಕಂದ್ರೆ ನಮ್ಮ ಕಾರಿನಲ್ಲಿ ಕೇಳೋಕೆ ಏನಾದರೊಂದು ಇದ್ದೇ ಇರುತ್ತೆ.

ನಾವು ಮೂವರು ಸಹೋದ್ಯೋಗಿಗಳು, ಒಂದು ಹಳೇ ಕಾರು. ಕಾನೂನು ಸರಳ: ಸ್ಟೇರಿಂಗ್ ಯಾರ ಕೈಯಲ್ಲೋ ಅವರದೇ ಆಯ್ಕೆ. ಹಿರಿಯರಾದ ಗಣಿತದ ಮೇಷ್ಟ್ರಿಗೆ ಭದ್ರಾವತಿ ಆಕಾಶವಾಣಿಯೇ ಆಗಬೇಕು. 675 ಕಿಲೋಹರ್ಟ್ಸ್‌ನ ಆ ಮಧ್ಯಮ ತರಂಗ ಗುಡ್ಡ ಕಣಿವೆ ದಾಟಿ ಬರುತ್ತೆ ನಿಜ. ಆದರೆ ದೊಡ್ಡ ವಿದ್ಯುತ್ ತಂತಿಯ ಕೆಳಗೆ ಕಾರು ಹೋದಾಗೆಲ್ಲ ವಾರ್ತೆ ಓದುವವರ ದನಿ ಜೀರುಂಡೆಯ ಹಾಗೆ ಗುಂಯ್‌ಗುಡುತ್ತೆ. "ನೋಡ್ರಿ, ನಮ್ಮದೇ ಶರಾವತಿ ಕರೆಂಟು, ನಮ್ಮ ರೇಡಿಯೋನೇ ಕೆಡಿಸ್ತದೆ" ಅಂತ ಮೇಷ್ಟ್ರು ನಗ್ತಾರೆ.

ಚಿಕ್ಕವಳು ಮೊಬೈಲಿನಲ್ಲಿ ಹೊಸ ಸಿನಿಮಾ ಹಾಡು ಹಾಕ್ತಾಳೆ. ಆವಿನಹಳ್ಳಿ ದಾಟಿ ಮುಂದೆ ಹೋದ ಹಾಗೆ ಸಿಗ್ನಲ್ ಕಣ್ಣುಮುಚ್ಚಾಲೆ ಶುರು ಮಾಡುತ್ತೆ. ಪಲ್ಲವಿ ಕೇಳಿಸಿದರೆ ಚರಣ ಇಲ್ಲ. ಆಗ ನನ್ನ ಪೆನ್‌ಡ್ರೈವ್ ಬರುತ್ತೆ. ಅದರಲ್ಲಿ ನಮ್ಮ ಜಿಲ್ಲೆಯವರೇ ಆದ ಶಿವಮೊಗ್ಗ ಸುಬ್ಬಣ್ಣ ಇದ್ದಾರೆ, ಸಿ. ಅಶ್ವತ್ಥ್ ಕೂಡ ಇದ್ದಾರೆ. ಕಾಳಿಂಗ ನಾವಡರ ಭಾಗವತಿಕೆಯಿದೆ. 1990ರಲ್ಲಿ ಚಿಕ್ಕ ವಯಸ್ಸಿಗೇ ಹೋಗಿಬಿಟ್ಟ ಆ ದನಿ ತಿರುವು ರಸ್ತೆಯಲ್ಲಿ ಏರಿದಾಗ ಈಗಲೂ ಮೈ ಜುಮ್ಮೆನ್ನುತ್ತೆ. ಆದರೆ ದೂರದ ದಾರಿಗೆ ತಾಳಮದ್ದಲೆಯಂಥದ್ದು ಇನ್ನೊಂದಿಲ್ಲ. ವೇಷವಿಲ್ಲ, ಕುಣಿತವಿಲ್ಲ, ಎಲ್ಲಾ ಮಾತೇ. ಕಣ್ಣು ರಸ್ತೆ ಮೇಲೆ ಇಟ್ಟುಕೊಂಡೇ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಬಹುದು. ವಾಲಿ ಕೇಳಿದ ಪ್ರಶ್ನೆಗೆ ರಾಮ ಏನು ಹೇಳ್ತಾನೆ ಅಂತ ಕಾಯುವಷ್ಟರಲ್ಲಿ ಹೊಳೆಬಾಗಿಲು ಬಂದುಬಿಡುತ್ತಿತ್ತು.

ಬಂತು ಅಂದರೆ ರಾಮ ಅಲ್ಲೇ ನಿಲ್ಲಬೇಕು. ಲಾಂಚ್‌ಗೆ ಸಾಲು. ಇಂಜಿನ್ ಆಫ್, ಪೆನ್‌ಡ್ರೈವ್ ಆಫ್. ಬೇಸಿಗೆಯಲ್ಲಿ ಹಿನ್ನೀರು ತೀರಾ ಇಳಿದರೆ ಲಾಂಚಿಗೆ ವಾಹನ ಹತ್ತಿಸುತ್ತಲೇ ಇರಲಿಲ್ಲ. ಕಾರನ್ನು ಈಚೆ ದಡದಲ್ಲಿ ಬಿಟ್ಟು ನಾವಷ್ಟೇ ದಾಟಿ ಆಚೆ ಬಸ್ಸು ಹುಡುಕಬೇಕು. ಆ ಕಾಯುವಿಕೆಯಲ್ಲಿ ಕೇಳಿದ್ದೆಲ್ಲಾ ನಾವು ಆರಿಸಿಕೊಳ್ಳದ್ದು. ಅಡಿಕೆ ಕೊಳೆರೋಗ, ಮಗಳ ಮದುವೆ, ಸಿಗಂದೂರಿಗೆ ಹರಕೆ ಹೊತ್ತವರ ಕಷ್ಟ.

ಅಲ್ಲೇ ಒಬ್ಬ ಅಜ್ಜಿ ಸಿಗುತ್ತಿದ್ದರು. ಸಾಗರದ ಆಸ್ಪತ್ರೆಗೆ ತಿಂಗಳಿಗೊಮ್ಮೆ ಬರುವವರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಅವರಿಗೆ ಎಂಟೋ ಒಂಬತ್ತೋ ವರ್ಷ. ಲಾಂಚಿನ ಕಂಬಿ ಹಿಡಿದು ನೀರಿನ ಕಡೆ ಕೈ ತೋರಿಸಿ ಹೇಳಿದ್ದರು: "ನಮ್ಮನೆ ಅಲ್ಲಿತ್ತು ಮಾರಾಯ್ತಿ. ಗುಡ್ಡದ ಮೇಲೆ ಬಿಡಾರ ಮಾಡಿದ್ಮೇಲೂ ದನಗಳು ಸಂಜೆಯಾತು ಅಂದ್ರೆ ಹಳೇ ಕೊಟ್ಟಿಗೆ ಕಡೆನೇ ಹೋಗ್ತಿದ್ವು. ಗಂಟೆ ಸದ್ದು ನೀರಿನ ಹತ್ರ ಕೇಳ್ತಿತ್ತು. ಅಪ್ಪ ದಿನಾ ಹೋಗಿ ಹೊಡ್ಕಂಡು ಬರ್ತಿದ್ದ."

ಆವತ್ತು ಬ್ಯಾಕೋಡು ಮುಟ್ಟುವ ತನಕ ನಮ್ಮ ಕಾರಿನಲ್ಲಿ ಯಾರೂ ಏನೂ ಹಾಕಲಿಲ್ಲ.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯ್ತು. ಸುಮಾರು 2.4 ಕಿಲೋಮೀಟರ್ ಉದ್ದ. ಈಗ ಹಿನ್ನೀರು ದಾಟೋಕೆ ಒಂದು ಹಾಡೂ ಪೂರ್ತಿ ಬೇಡ. ರಾಮನ ಉತ್ತರ ತಡೆಯಿಲ್ಲದೆ ಕೇಳಿಸುತ್ತೆ. ಮೊದಲ ವಾರ ನನಗೆ ಲಾಂಚಿನ ನೆನಪಾಗಿ ಮನಸ್ಸು ಭಾರವಾಯ್ತು. ಸ್ಟಾಫ್ ರೂಮಿನಲ್ಲಿ ಅದನ್ನೇ ಹೇಳಿದೆ. ತುಮರಿ ಕಡೆಯ ಅಟೆಂಡರ್ ನನ್ನ ಮುಖ ನೋಡಿ ಮೆಲ್ಲಗೆ ಅಂದರು, "ಮೇಡಂ, ನಿಮಗೆ ಲಾಂಚ್ ಚಂದ. ನನ್ನ ಹೆಂಡತಿಗೆ ರಾತ್ರಿ ಹೆರಿಗೆ ನೋವು ಬಂದಾಗ ಕೊನೇ ಲಾಂಚ್ ಹೋಗಿ ಎರಡು ತಾಸಾಗಿತ್ತು." ನಿಟ್ಟೂರು, ಹೊಸನಗರದ ಮೇಲೆ ಸುತ್ತಿಕೊಂಡು ಹೋದರಂತೆ. ಮಗು ಉಳೀತು ಅಂದಾಗ ನನಗೂ ಉಸಿರು ಬಂತು.

ಅಂದಿನಿಂದ ಲಾಂಚ್ ಬೇಕಿತ್ತು ಅಂತ ನಾನು ಹೇಳಿಲ್ಲ. ಅರವತ್ತು ವರ್ಷ ಕಾದವರ ಸೇತುವೆ ಅದು. ನನಗೆ ಬೇಕಿದ್ದದ್ದು ಲಾಂಚ್ ಅಲ್ಲ, ಅಲ್ಲಿ ಸಿಗುತ್ತಿದ್ದ ಮಾತು. ಅದಕ್ಕೆ ದಾರಿ ನಾನೇ ಮಾಡಿಕೊಳ್ಳಬೇಕಿತ್ತು.

ಹೋದ ತಿಂಗಳು ಸಾಗರದ ಬಸ್ ಸ್ಟ್ಯಾಂಡ್ ಹತ್ತಿರ ಆ ಅಜ್ಜಿ ಔಷಧಿ ಚೀಲ ಹಿಡಿದು ನಿಂತಿದ್ದರು. ಕಾರು ನಿಲ್ಲಿಸಿ ಮುಂದೆ ಕೂರಿಸಿಕೊಂಡೆವು. ಮೇಷ್ಟ್ರು ಹಿಂದಿನ ಸೀಟಿಗೆ ಹೋದರು. ನಾನು ತಾಳಮದ್ದಲೆ ಹಾಕಿದೆ, ಅಜ್ಜಿಗೆ ಖುಷಿಯಾಗಲಿ ಅಂತ. ಅವರು ತಲೆದೂಗಿ ಕೇಳಿದರು. ಸೇತುವೆ ಹತ್ತುತ್ತಿದ್ದ ಹಾಗೆ ನನ್ನ ಕೈ ಮುಟ್ಟಿ, "ತಂಗಿ, ಇದನ್ನ ಒಂಚೂರು ನಿಲ್ಸು. ಆ ಗಾಜನ್ನೂ ಇಳ್ಸು" ಅಂದರು.

ನಿಲ್ಲಿಸಿದೆ. ಗಾಜು ಇಳಿಸಿದೆ. ಕಾರು ನಿಧಾನ ಮಾಡಿದೆ. ಗಾಳಿ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ. ಅಜ್ಜಿ ಮಾತ್ರ ಎಡಗಡೆ ನೀರಿನ ಕಡೆ ಕಿವಿ ಕೊಟ್ಟು ಕೂತಿದ್ದರು. ಕಳಸವಳ್ಳಿ ದಡ ಬಂದ ಮೇಲೆ, "ಹೂಂ, ಈಗ ಹಾಕು. ರಾಮ ಎಂತ ಹೇಳ್ತಾನೆ ಕೇಳಣ" ಅಂದರು.