ಮೇಷ್ಟ್ರೂ ಮೇಸ್ತ್ರಿಯೂ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ನಾನು ಎಷ್ಟೋ ವರ್ಷಗಳಿಂದ ತರಗತಿಯಲ್ಲಿ ಹೇಳುತ್ತ ಬಂದಿದ್ದೇನೆ. ಇಲ್ಲಿನ ‘ನೋಡು’ ಎಂಬುದು ಕಣ್ಣಿಗೆ ಸಂಬಂಧಿಸಿದ್ದಲ್ಲ. ‘ತಿಂದು ನೋಡು’, ‘ಕೇಳಿ ನೋಡು’ ಎಂಬಲ್ಲಿರುವಂತೆ ಅದು ಬರಿಯ ಸಹಾಯಕ ಕ್ರಿಯಾಪದವೆಂದು ಕರಿಹಲಗೆಯ ಮೇಲೆ ಬರೆದೂ ತೋರಿಸಿದ್ದೇನೆ. ಈ ವಿವರಣೆ ಸಾಲದೆಂದು ನನಗೆ ಹೊಳೆದದ್ದು 2025ರ ಜೂನ್ ತಿಂಗಳಲ್ಲಿ, ಬನಶಂಕರಿ ಆರನೆಯ ಹಂತದ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ, ಒಂದು ಬಕೆಟ್ ನೀರು ಹಿಡಿದುಕೊಂಡು ಬಚ್ಚಲುಮನೆಯ ಬಾಗಿಲಲ್ಲಿ ನಿಂತಿದ್ದಾಗ.

ನಾನು ಮನೆ ಕಟ್ಟಿದವನಲ್ಲ. ಯಾರೋ ಕಟ್ಟಿದ್ದನ್ನು ಕೊಂಡವನು. 1948ರಲ್ಲಿ ಅಸ್ತಿಭಾರ ಕಂಡ ಜಯನಗರದ ಒಂದು ಹಳೆಯ ಮನೆಯಲ್ಲಿ ಹದಿನಾಲ್ಕು ವರ್ಷ ಬಾಡಿಗೆಗಿದ್ದು, ಅದರ ಕೆಂಪು ಗಾರೆಯ ನೆಲಕ್ಕೂ ಮಳೆಗಾಲದಲ್ಲಿ ಮುಚ್ಚಿಕೊಳ್ಳಲೊಲ್ಲದ ಕಿಟಕಿಗಳಿಗೂ ಒಗ್ಗಿಹೋಗಿದ್ದೆ. ಸ್ವಂತದ್ದೊಂದು ಸೂರು ಬೇಕೆಂದು ನನ್ನ ತಾಯಿಯ ಆಸೆ. ನನ್ನಾಕೆಯ ನಾಲ್ಕು ಬಳೆ, ಭವಿಷ್ಯನಿಧಿಯ ಹಣ, ಮಿಕ್ಕದ್ದಕ್ಕೆ ಬ್ಯಾಂಕಿನ ಸಾಲ. ಕಂತು ಮುಗಿಯುವುದು ನಾನು ನಿವೃತ್ತನಾಗುವ ವರ್ಷ. ಅಷ್ಟರಲ್ಲಿ ಕಟ್ಟಿದವರಿಂದ ಕಾಗದ ಬಂತು: ಮನೆ ಸಿದ್ಧವಾಗಿದೆ, ಬಂದು ನೋಡಿ, ಒಪ್ಪಿಗೆಪತ್ರಕ್ಕೆ ಸಹಿ ಹಾಕಿ, ಬೀಗದಕೈ ಪಡೆಯಿರಿ. ಜ್ಯೇಷ್ಠ ಮಾಸ ಮುಗಿಯಲು ಹನ್ನೆರಡು ದಿನ ಉಳಿದಿತ್ತು. ಪುರೋಹಿತರು ಆಷಾಢಕ್ಕೆ ಮುಂಚಿನ ಒಂದು ಮುಹೂರ್ತವನ್ನು ಆಗಲೇ ಬರೆದುಕೊಟ್ಟಿದ್ದರು.

ಕಾಗದದಲ್ಲಿ ‘ಬಂದು ನೋಡಿ’ ಎಂದಿತ್ತಲ್ಲ, ಏನನ್ನು ನೋಡುವುದು? ಹಸ್ತಪ್ರತಿಯಲ್ಲಿ ಲಿಪಿಕಾರನ ಸ್ಖಾಲಿತ್ಯ ಕಂಡುಹಿಡಿಯುವುದು ನನಗೆ ಬರುತ್ತದೆ. ಗೋಡೆಯಲ್ಲಿ ಗಾರೆಯವನ ಸ್ಖಾಲಿತ್ಯವನ್ನು ಓದುವ ವಿದ್ಯೆ ನನಗಿಲ್ಲ. ನಮ್ಮ ಬೀದಿಯ ಕೊನೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಮೇಸ್ತ್ರಿಗಳಿದ್ದಾರೆ. ಜಯನಗರ, ಜೆ.ಪಿ. ನಗರಗಳ ಎಷ್ಟೋ ಮನೆಗಳಿಗೆ ಕರಣೆ ಹಿಡಿದ ಕೈ. ಅವರನ್ನು ಕರೆದೆ. ಮೇಷ್ಟ್ರು ಎಂಬುದು ಇಂಗ್ಲಿಷಿನ ಮಾಸ್ಟರ್‌ನಿಂದ ಬಂದದ್ದು, ಮೇಸ್ತ್ರಿ ಎಂಬುದು ಪೋರ್ಚುಗೀಸರ ಮೆಸ್ತ್ರೆಯಿಂದ. ಎರಡಕ್ಕೂ ಮೂಲಪುರುಷ ಲ್ಯಾಟಿನ್ನಿನ ಮ್ಯಾಜಿಸ್ಟರ್. ಹಾಗಾಗಿ ನಾವಿಬ್ಬರೂ ದಾಯಾದಿಗಳೆಂದು ದಾರಿಯಲ್ಲಿ ಅವರಿಗೆ ವಿವರಿಸಿದೆ. ಅವರು ಆಟೋದ ಹೊರಗೆ ನೋಡುತ್ತ, “ಪಾಲು ಮಾತ್ರ ಬರ್ನಿಲ್ಲ ಬುಡಿ” ಎಂದರು.

ಅವರ ಚೀಲದಲ್ಲಿ ಇದ್ದದ್ದು ತೂಗುಗುಂಡು, ರಸಮಟ್ಟ, ಮೂಲೆಮಟ್ಟ, ಅಳತೆಯ ಟೇಪು, ಒಂದು ರೂಪಾಯಿಯ ನಾಣ್ಯ, ಮತ್ತು ಮಗನ ಹತ್ತಿರ ಇಸಕೊಂಡು ಬಂದ, ಮೂರು ಪುಟ್ಟ ದೀಪಗಳಿರುವ ಒಂದು ಪ್ಲಗ್ಗು. ಕಟ್ಟಡದವರ ಕಡೆಯ ಇಂಜಿನಿಯರು ನನ್ನ ವಿದ್ಯಾರ್ಥಿಗಳ ವಯಸ್ಸಿನ ಹುಡುಗ, ಬಲು ಮರ್ಯಾದಸ್ಥ. ಹೊಸ ಬಣ್ಣದ ವಾಸನೆ, ಹೊಳೆಯುವ ನೆಲ, ಪಶ್ಚಿಮದ ಕಿಟಕಿಯಲ್ಲಿ ತುರಹಳ್ಳಿ ಕಾಡಿನ ಹಸಿರು ಅಂಚು. ನಾನು ಅಲ್ಲೇ ಸಹಿ ಹಾಕಿಬಿಡುತ್ತಿದ್ದೆ. ಮೇಸ್ತ್ರಿಗಳು, “ಮೇಷ್ಟ್ರೇ, ಬಣ್ಣ ನೋಡ್ಬೇಡಿ, ಅದು ಕಡೇಗೆ ಬಂದ ನೆಂಟ” ಎಂದು ಹೇಳಿ, ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು, ಒಂದೊಂದು ಹಾಸುಬಿಲ್ಲೆಯನ್ನೂ ನಾಣ್ಯದಿಂದ ತಟ್ಟುತ್ತ ಹೊರಟರು. ಗಟ್ಟಿಯಾದ ಕಡೆ ‘ಟಕ್’. ಕೆಳಗೆ ಗಾರೆ ಸರಿಯಾಗಿ ತುಂಬದ ಕಡೆ ಮಡಕೆಯಂಥ ‘ಡಬ್’. ನಾಲ್ಕೈದು ಬಿಲ್ಲೆಗಳಾದ ಮೇಲೆ ನನ್ನ ಕಿವಿಗೂ ಅದು ಲಘು ಗುರುಗಳಷ್ಟೇ ಸ್ಪಷ್ಟವಾಯಿತು. ಡಬ್ ಎಂದವುಗಳ ಮೇಲೆ ನಾನು ಸೀಮೆಸುಣ್ಣದಲ್ಲಿ ಗುಣಾಕಾರ ಹಾಕುತ್ತ ಹೋದೆ. ನಡುಮನೆಯೊಂದರಲ್ಲೇ ಹನ್ನೊಂದು. ಸೀಮೆಸುಣ್ಣ ನನ್ನ ಜೇಬಿನಲ್ಲಿ ಸದಾ ಇರುವ ವಸ್ತು. ಆ ದಿನ ನನ್ನಿಂದಾದ ಉಪಕಾರ ಅಷ್ಟೆ.

ಬಚ್ಚಲಲ್ಲಿ ನೀರು ಸುರಿದೆನಲ್ಲ, ಅದು ಮೂಲೆಯ ಜಾಲರಿಯ ಕಡೆ ಒಂದು ಕ್ಷಣ ಮುಖಮಾಡಿ, ಮನಸ್ಸು ಬದಲಾಯಿಸಿ, ಹೊಸ್ತಿಲ ಬಳಿ ನನ್ನ ಪಾದದ ಸುತ್ತ ಬಂದು ನಿಂತಿತು. ಮೂರಡಿಗೆ ಅರ್ಧ ಅಂಗುಲವಾದರೂ ವಾಟ ಇರಬೇಕಂತೆ; ಇಲ್ಲಿ ವಾಟವಿತ್ತು, ದಿಕ್ಕು ಮಾತ್ರ ತಲೆಕೆಳಗು. “ಒಣಗಿದ ಮೇಲೆ ಸರಿಹೋಗುತ್ತೆ ಸಾರ್” ಎಂದ ಇಂಜಿನಿಯರು. ನೀರಿಗೆ ಸುಳ್ಳು ಹೇಳುವ ಅಭ್ಯಾಸವಿಲ್ಲದ್ದರಿಂದ ಅದು ನಿಂತಲ್ಲೇ ನಿಂತಿತ್ತು. ಅಡುಗೆಮನೆಯಲ್ಲಿ ಆ ಪ್ಲಗ್ಗನ್ನು ಸಿಕ್ಕಿಸಿದಾಗ ಒಂದು ದೀಪ ಹತ್ತಲಿಲ್ಲ. ಅಲ್ಲಿಗೆ ಅರ್ತಿಂಗ್ ತಂತಿಯನ್ನೇ ಜೋಡಿಸಿರಲಿಲ್ಲ. ನನ್ನಾಕೆ ಒದ್ದೆ ಕೈಯಲ್ಲಿ ಮಿಕ್ಸಿ ಮುಟ್ಟುವ ಜಾಗ ಅದು. ಬಿಲ್ಲೆ ಡಬ್ ಎಂದಾಗ ನಕ್ಕಿದ್ದ ನನಗೆ ಇಲ್ಲಿ ನಗು ಬರಲಿಲ್ಲ.

ಆಮೇಲೆ ಗೋಡೆಗಳು. ಮಲಗುವ ಕೋಣೆಯ ಗೋಡೆಯ ಮೇಲೆ, ಓರೆಯಾಗಿ ಬೆಳಕು ಬಿದ್ದಾಗ ಮಾತ್ರ, ಜೇಡರಬಲೆಯಂತೆ ಸಣ್ಣ ಬಿರುಕುಗಳು ಕಂಡವು. ಕಂಬವೂ ಗೋಡೆಯೂ ಕೂಡುವ ಕಡೆ ಸೂರಿನಿಂದ ನೆಲದವರೆಗೆ ನೆಟ್ಟನೆಯ ಒಂದು ಗೆರೆ. ನನ್ನ ಎದೆ ಹಾರಿತು. 2019ರ ಮಾರ್ಚಿನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು ಹತ್ತೊಂಬತ್ತು ಜನ ಸತ್ತದ್ದು, 2024ರ ಅಕ್ಟೋಬರಿನ ಮಳೆಯಲ್ಲಿ ನಮ್ಮ ಬಾಬುಸಾಪಾಳ್ಯದಲ್ಲಾದದ್ದು ಎಲ್ಲ ಒಟ್ಟಿಗೆ ನೆನಪಾದವು. ಕೆಂಪೇಗೌಡರ ಕೋಟೆಯ ಹೆಬ್ಬಾಗಿಲು ಕಟ್ಟಿದಷ್ಟೂ ಬೀಳುತ್ತಿತ್ತೆಂದೂ, ಸೊಸೆ ಲಕ್ಷ್ಮಮ್ಮ ತನ್ನನ್ನೇ ಬಲಿಗೊಟ್ಟ ಮೇಲೆ ನಿಂತಿತೆಂದೂ ಐತಿಹ್ಯವಿದೆ. ಕೋರಮಂಗಲದಲ್ಲಿ ಆಕೆಯ ಸಮಾಧಿಯಿದೆ. ಆ ಕಥೆಯನ್ನು ಎಷ್ಟು ಸಲ ಗದ್ಗದನಾಗಿ ಹೇಳಿದ್ದೇನೆ! ಪಾಯ ಎಷ್ಟು ಆಳ ತೆಗೆದಿದ್ದರು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಮೇಸ್ತ್ರಿಗಳು ಬಿರುಕಿಗೆ ಉಗುರು ಹಾಕಿ ನೋಡಿದರು. ಕಂಬ, ತೊಲೆಗಳನ್ನೆಲ್ಲ ಸುತ್ತಿ ಬಂದರು. “ಹೆದರ್ಬೇಡಿ. ಕಂಬಕ್ಕೆ ಏನೂ ಆಗಿಲ್ಲ. ಇದು ಮೇಲ್ಗಾರೆ ಬಿರುಕು. ಕಾಂಕ್ರೀಟು, ಇಟ್ಟಿಗೆ ಕೂಡೋ ಕಡೆ ಕೋಳಿಜಾಲರಿ ಬಡಿದು ಗಾರೆ ಮಾಡ್ಬೇಕು, ಬಡಿದಿಲ್ಲ. ಮಿಕ್ಕಿದ್ದು ನೀರು ಕುಡೀದ ಗೋಡೆ.” ಇಂಜಿನಿಯರ ಕಡೆ ತಿರುಗಿ, “ಯಾವಾಗ ಗಾರೆ ಮಾಡಿದ್ದಪ್ಪಾ?” ಎಂದರು. ಹುಡುಗ ತಗ್ಗಿದ ದನಿಯಲ್ಲಿ ಹೇಳಿದ: 2024ರ ಮಾರ್ಚಿ.

ಆ ಬೇಸಗೆ ಬೆಂಗಳೂರಿನವರಿಗೆ ಮರೆಯುವಂಥದಲ್ಲ. ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗೆ ಕಾದು ಕುಳಿತ ದಿನಗಳು. ಕುಡಿಯುವ ನೀರನ್ನು ಕಟ್ಟಡಕ್ಕೂ ವಾಹನ ತೊಳೆಯುವುದಕ್ಕೂ ಬಳಸಕೂಡದೆಂದು, ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಲಿ ಆಜ್ಞೆ ಹೊರಡಿಸಿತ್ತು. ಸಿಮೆಂಟು ಒಣಗಿ ಗಟ್ಟಿಯಾಗುತ್ತದೆಂದು ನಾನು ನಂಬಿದ್ದೆ. ಅದು ತಪ್ಪು; ನೀರು ಕುಡಿದು ಗಟ್ಟಿಯಾಗುತ್ತದೆ. ಕಾಂಕ್ರೀಟಿಗೆ ಕಡಮೆಯೆಂದರೂ ಏಳು ದಿನ, ಬಿಸಿಲು ಬಲವಾಗಿದ್ದರೆ ಹತ್ತು ದಿನ ತೇವ ಆರದಂತೆ ನೋಡಿಕೊಳ್ಳಬೇಕೆಂದು ನಮ್ಮ ಮಾನಕ ಸಂಸ್ಥೆಯ ನಿಯಮವೇ ಇದೆ. ಹೊದ್ದ ಗಾರೆಗೂ ಕೆಲವು ದಿನ ನೀರುಣಿಸದಿದ್ದರೆ ಅದು ಬಿರಿಯುತ್ತದೆ. ಜಯನಗರದಲ್ಲಿ ನನ್ನ ತಾಯಿ ಎರಡು ಬಿಂದಿಗೆಗಾಗಿ ಸಾಲಿನಲ್ಲಿ ನಿಂತಿದ್ದ ಅದೇ ವಾರ, ಅವಳಿಗಾಗಿ ಎದ್ದ ಗೋಡೆಯೂ ಇಲ್ಲಿ ಬಾಯಾರಿ ನಿಂತಿತ್ತು. ಕಟ್ಟಿದವರ ಮೇಲಿನ ನನ್ನ ಕೋಪ ಅರ್ಧದಷ್ಟು ಇಳಿಯಿತು. ಪೂರ್ತಿ ಇಳಿಯಲಿಲ್ಲ, ಜಾಲರಿ ಬಡಿಯಲು, ತಂತಿ ಜೋಡಿಸಲು ನೀರೇನೂ ಬೇಕಿರಲಿಲ್ಲವಷ್ಟೆ.

ಒಪ್ಪಿಗೆಪತ್ರ ಮೇಜಿನ ಮೇಲೆ ಬಂತು. ‘ಮನೆಯನ್ನು ಪರೀಕ್ಷಿಸಿದ್ದೇನೆ, ತೃಪ್ತನಾಗಿದ್ದೇನೆ, ನನ್ನದು ಯಾವ ತಕರಾರೂ ಇಲ್ಲ.’ ಹುಡುಗ, “ಸಹಿ ಹಾಕಿ ಸಾರ್, ಗೃಹಪ್ರವೇಶ ಮುಗಿಸಿಕೊಳ್ಳಿ, ಆಮೇಲೆ ಎಲ್ಲ ಸರಿಮಾಡಿಕೊಡ್ತೀವಿ. ಆಷಾಢ ಬಂದ್ರೆ ನಿಮಗೇ ಕಷ್ಟ” ಎಂದ. ಪಂಚಾಂಗ ನಮ್ಮ ಮನೆಯಲ್ಲಿ ಮಾತ್ರವಲ್ಲ, ಅವರ ಕಚೇರಿಯಲ್ಲೂ ಇತ್ತೆಂದು ಆಗ ತಿಳಿಯಿತು. ಕೊಂಡವನ ಕೈಯಲ್ಲಿ ಕಾಯಿದೆಯಿಲ್ಲವೆಂದಲ್ಲ. 2016ರ ರೇರಾ ಕಾಯಿದೆಯ 14ನೆಯ ಕಲಮಿನ ಪ್ರಕಾರ, ಸ್ವಾಧೀನ ಪಡೆದ ಐದು ವರ್ಷದೊಳಗೆ ಕಟ್ಟಡದ ಚೌಕಟ್ಟಿನಲ್ಲಾಗಲಿ ಕೆಲಸದ ಗುಣದಲ್ಲಾಗಲಿ ದೋಷ ಕಂಡು ತಿಳಿಸಿದರೆ, ಮೂವತ್ತು ದಿನದೊಳಗೆ, ಬಿಡಿಗಾಸು ಕೇಳದೆ ಅವರು ಸರಿಪಡಿಸಿಕೊಡಬೇಕು. ಆದರೆ ‘ತೃಪ್ತನಾಗಿದ್ದೇನೆ’ ಎಂದು ನನ್ನ ಕೈಯಾರೆ ಬರೆದುಕೊಟ್ಟು, ಮರುದಿನ ಅತೃಪ್ತನೆಂದು ಹೇಳಿಕೊಳ್ಳುವ ಮುಖ ನನಗಿರಲಿಲ್ಲ. ಪತ್ರದ ಕೆಳಗೆ ಹದಿನೇಳು ದೋಷಗಳನ್ನು ಬರೆದು, ತಾರೀಖು ಹಾಕಿ, ಬೀಗದಕೈ ಮುಟ್ಟದೆ ಬಂದೆ. ಕನ್ನಡದಲ್ಲೇ ಬರೆದೆ.

ಮನೆಗೆ ಬರುವಾಗ ಕಾಲು ಭಾರವಾಗಿತ್ತು. ತಾಯಿ ನೆಂಟರಿಗೆಲ್ಲ ದಿನ ತಿಳಿಸಿಯಾಗಿತ್ತು. ಮುಂದೆ ಹಾಕಿದರೆ ಬಾಡಿಗೆಯೂ ಕಂತೂ ಒಟ್ಟಿಗೆ. ನಾನು ತಂತಿಯಿಂದ ಹಿಡಿದು ಜಾಲರಿಯವರೆಗೆ ಎಲ್ಲ ಹೇಳಿ ಮುಗಿಸುವವರೆಗೂ ಅವಳು ಅವರೆಕಾಯಿ ಸುಲಿಯುತ್ತಲೇ ಇದ್ದಳು. ಕೊನೆಗೆ, “ಹಾಲು ಶ್ರಾವಣದಲ್ಲೂ ಉಕ್ಕುತ್ತೆ ಕಣೋ. ಸೊಸೆಗೆ ಶಾಕ್ ಹೊಡೆಯೋ ಮನೆಗೆ ನಾನ್ಯಾಕೆ ಹೋಗ್ಲಿ?” ಎಂದು ಹೇಳಿ ಒಳಗೆ ಹೋದಳು. ನನ್ನಾಕೆ ಬಾಗಿಲ ಮರೆಯಲ್ಲಿ ನಿಂತಿದ್ದಳು. ಅತ್ತೆಯ ಬಾಯಲ್ಲಿ ಆ ಮಾತನ್ನು ಅವಳು ನಿರೀಕ್ಷಿಸಿರಲಿಲ್ಲವೆಂದು ಕಾಣುತ್ತದೆ.

ಶ್ರಾವಣದಲ್ಲಿ ಮತ್ತೆ ಹೋದೆವು. ಬಿಲ್ಲೆಗಳು ಟಕ್ ಎಂದವು. ಮೂರು ದೀಪಗಳೂ ಹತ್ತಿದವು. ಬಚ್ಚಲಿನ ಜಾಲರಿಗೆ ಬಟ್ಟೆ ತುರುಕಿ ಎರಡು ದಿನ ನೀರು ನಿಲ್ಲಿಸಿ, ಕೆಳಗಿನ ಮನೆಯವರ ಸೂರನ್ನು ನೋಡಿದೆವು, ಒಣಗಿತ್ತು. ಬಟ್ಟೆ ತೆಗೆದೊಡನೆ ನೀರು ಹೊಸ್ತಿಲ ಕಡೆ ತಿರುಗಿಯೂ ನೋಡದೆ ಇಳಿದುಹೋಯಿತು. ಕಂಬದ ಬಳಿಯ ಗಾರೆಯನ್ನು ಕೆತ್ತಿ, ಜಾಲರಿ ಬಡಿದು, ಹೊಸದಾಗಿ ಮಾಡಿದ್ದರು. ಜೇಡರಬಲೆಯನ್ನು ಮಾತ್ರ ಬಣ್ಣ ತುಂಬಿ ಮುಚ್ಚಿದ್ದರು. ಅದು ಸಾಲದೆಂದು ಮೇಸ್ತ್ರಿಗಳು ಹೇಳಿದರು. ನಾನು ಅದನ್ನೂ ಬರೆದುಕೊಟ್ಟು ಬೀಗದಕೈ ತೆಗೆದುಕೊಂಡೆ. ಗೃಹಪ್ರವೇಶದ ದಿನ ಎಲ್ಲರೂ ಹಾಲಿನ ಪಾತ್ರೆಯನ್ನು ನೋಡುತ್ತಿದ್ದರೆ, ಅವರೊಬ್ಬರು ಗೋಡೆಗೆ ಒರಗಿ ಕುಳಿತು, ಬೆರಳಿನ ಗೆಣ್ಣಿನಿಂದ ಮೆಲ್ಲಗೆ ನೆಲವನ್ನು ತಟ್ಟುತ್ತಿದ್ದರು.

ಆ ಗೋಡೆಯಲ್ಲಿ ಒಂದು ಬಿರುಕು ಮತ್ತೆ ತಲೆಯೆತ್ತಿದೆ. ಮೇಸ್ತ್ರಿಗಳ ಸಲಹೆಯಂತೆ, ಅದರ ತುದಿ ಎಲ್ಲಿಗೆ ಮುಟ್ಟಿದೆಯೋ ಅಲ್ಲಿ ಪ್ರತಿ ತಿಂಗಳ ಮೊದಲ ಭಾನುವಾರ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದು ತಾರೀಖು ಹಾಕುತ್ತೇನೆ. ಮಕ್ಕಳ ಎತ್ತರವನ್ನು ಗೋಡೆಗೆ ಬರೆಯುತ್ತಾರಲ್ಲ, ಹಾಗೆ. ಕಳೆದ ಮೂರು ಗೆರೆಗಳೂ ಒಂದೇ ಕಡೆ ಬಿದ್ದಿವೆ. ಕಾಯಿದೆಯ ಐದು ವರ್ಷ ಮುಗಿಯುವುದು 2030ಕ್ಕೆ. ಪೆನ್ಸಿಲನ್ನು ಕಿಟಕಿಯ ಮೇಲೆಯೇ ಇಟ್ಟಿದ್ದೇನೆ.